ಜೀವಶಾಸ್ತ್ರ ಕಲಿಯಲು ಶುರು ಮಾಡುವುದು ಹೇಗೆ: ಒಂದು ಎಳೆ ಹಿಡಿದು ಹೊರಡಿ

ಜೀವಶಾಸ್ತ್ರ ಅಂದ ತಕ್ಷಣ ಬಹಳ ಜನಕ್ಕೆ ನೆನಪಾಗುವುದು ಗೆರೆ ಎಳೆದು ಭಾಗಗಳ ಹೆಸರು ಬರೆಯುವ ಚಿತ್ರಗಳು. ಕೋಶದ ಚಿತ್ರ, ಹೂವಿನ ಚಿತ್ರ, ಹೃದಯದ ಚಿತ್ರ. ಪರೀಕ್ಷೆ ಮುಗಿದು ಸ್ವಲ್ಪ ದಿನಕ್ಕೆ ಆ ಹೆಸರುಗಳೂ ಹಾರಿಹೋಗುತ್ತವೆ. ಆ ಭಾಗಗಳು ಏನು ಕೆಲಸ ಮಾಡುತ್ತಿದ್ದವು ಅನ್ನುವುದು ಎಷ್ಟೋ ಜನಕ್ಕೆ ಆಗಲೂ ಗೊತ್ತಿರಲಿಲ್ಲ. ಇದರಲ್ಲಿ ಕಲಿಯುವವರ ತಪ್ಪು ಕಡಿಮೆ. ಕೋಶ ಒಂದು ಅಧ್ಯಾಯ, ಜೀರ್ಣಕ್ರಿಯೆ ಇನ್ನೊಂದು, ಅನುವಂಶೀಯತೆ ಮತ್ತೊಂದು ಅಂತ ಬೇರೆ ಬೇರೆ ಮಾಡಿ ಕೊಟ್ಟರೆ ಒಂದಕ್ಕೊಂದು ಇರುವ ನಂಟು ಕಾಣುವುದಿಲ್ಲ. ನಂಟು ಕಾಣದ ವಿಷಯ ತಲೆಯಲ್ಲಿ ನಿಲ್ಲುವುದೂ ಇಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಪುಸ್ತಕದ ಮೊದಲ ಪುಟದಿಂದ ಶುರು ಮಾಡಬೇಡಿ. ನಿಮ್ಮ ದಿನದಲ್ಲಿ ಈಗಾಗಲೇ ಇರುವ ಒಂದು ವಸ್ತು ಹಿಡಿಯಿರಿ: ತಿಂದ ಒಂದು ತುತ್ತು, ಒಂದು ಮಾತ್ರೆ, ರಕ್ತಪರೀಕ್ಷೆಯ ವರದಿಯಲ್ಲಿರುವ ಒಂದು ಸಂಖ್ಯೆ. ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ದಾರಿಯಲ್ಲಿ ಇದನ್ನು ಬದಲಾಯಿಸುವುದು ಯಾವುದು ಅಂತ ಕೇಳುತ್ತಾ ಹೋಗಿ. ಆ ಪ್ರಶ್ನೆ ಯಾವ ಅಧ್ಯಾಯಕ್ಕೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಹೋಗಿ, ಬೇಕಾದಷ್ಟು ಓದಿ, ಮುಂದಿನದಕ್ಕೆ ದಾಟಿ. ಮೂರು ನಾಲ್ಕು ಎಳೆ ಹೀಗೆ ಹಿಡಿದು ಓಡಾಡಿದರೆ ಆರಂಭದ ಹಂತದ ಮುಖ್ಯ ವಿಷಯಗಳೆಲ್ಲ ಒಂದಲ್ಲ ಒಂದು ಕಡೆಯಿಂದ ಎದುರಾಗುತ್ತವೆ.

ಮೊದಲು ಅಳತೆ ಗೊತ್ತಿರಲಿ

ಎಳೆ ಹಿಡಿಯುವ ಮುಂಚೆ ಒಂದೇ ಒಂದು ಪೂರ್ವಸಿದ್ಧತೆ ಬೇಕು. ಯಾವುದು ಎಷ್ಟು ದೊಡ್ಡದು ಅನ್ನುವ ಅಂದಾಜು. ಇದಿಲ್ಲದೆ ಓದಿದರೆ ವೈರಸ್, ಬ್ಯಾಕ್ಟೀರಿಯಾ, ಕೋಶ, ಜೀನ್ ಎಲ್ಲ 'ಕಣ್ಣಿಗೆ ಕಾಣದ ಚಿಕ್ಕ ವಸ್ತುಗಳು' ಅಂತ ಒಂದೇ ರಾಶಿಯಲ್ಲಿ ಬಿದ್ದುಬಿಡುತ್ತವೆ.

ಒಂದು ಮಿಲಿಮೀಟರ್‌ನಲ್ಲಿ 1000 ಮೈಕ್ರೋಮೀಟರ್. ಮನುಷ್ಯನ ಅಂಡಾಣು ಸುಮಾರು 100 ಮೈಕ್ರೋಮೀಟರ್, ಅಂದರೆ ಬರಿಗಣ್ಣಿಗೆ ಒಂದು ಚುಕ್ಕೆಯಾಗಿ ಕಾಣಬಹುದಾದ ಗಾತ್ರದ ಅಂಚಿನಲ್ಲಿದೆ. ಕೆಂಪು ರಕ್ತಕಣ 7ರಿಂದ 8. ಸಾಮಾನ್ಯ ಬ್ಯಾಕ್ಟೀರಿಯಾ 1ರಿಂದ 2. ಶೀತ, ಜ್ವರ ತರುವ ಹಲವು ವೈರಸ್‌ಗಳು 0.1 ಅಥವಾ ಅದಕ್ಕಿಂತಲೂ ಚಿಕ್ಕವು. ಡಿಎನ್‌ಎ ಎಳೆಯ ದಪ್ಪ ಇನ್ನೂ ಕಡಿಮೆ, 0.002 ಮೈಕ್ರೋಮೀಟರ್. ಈ ಐದು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಬಾಯಿಪಾಠ ಮಾಡಿಸುವ ಜನ ನಾನಲ್ಲ, ಆದರೆ ಇವು ಮಾತ್ರ ಬಾಯಿಗೆ ಬರಲಿ. ವೈರಸ್ ಒಂದು ಕೋಶದ ಒಳಗೆ ಹೇಗೆ ಹಿಡಿಸುತ್ತದೆ ಅನ್ನುವ ಪ್ರಶ್ನೆಯೇ ಆಮೇಲೆ ಹುಟ್ಟುವುದಿಲ್ಲ.

ಮೊದಲ ಎಳೆ: ಇಂಗಾಲ

ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಎಳೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದು ಪ್ರಶ್ನೆ ಹಾಕಿಕೊಳ್ಳಿ: ಒಂದು ದೊಡ್ಡ ಮರದ ಅಷ್ಟೂ ಕಟ್ಟಿಗೆ ಎಲ್ಲಿಂದ ಬಂತು? ಹೆಚ್ಚಿನವರು ಮಣ್ಣಿನಿಂದ ಅನ್ನುತ್ತಾರೆ. ಬೇರು ಮಣ್ಣಲ್ಲೇ ಇರುತ್ತದೆ, ಗೊಬ್ಬರವನ್ನೂ ಮಣ್ಣಿಗೇ ಹಾಕುತ್ತೇವೆ, ಹಾಗನ್ನಿಸುವುದು ಸಹಜ ಅಲ್ವಾ?

17ನೇ ಶತಮಾನದಲ್ಲಿ ಯಾನ್ ವಾನ್ ಹೆಲ್ಮಾಂಟ್ ಅನ್ನುವವರು ಇದನ್ನು ತೂಗಿಯೇ ನೋಡಿದರು. ಒಣಗಿಸಿ ತೂಗಿದ ಸುಮಾರು 90 ಕಿಲೋ ಮಣ್ಣಿನಲ್ಲಿ ಒಂದು ವಿಲ್ಲೋ ಸಸಿ ನೆಟ್ಟು 5 ವರ್ಷ ಬರೀ ನೀರು ಹಾಕಿದರು. ಗಿಡ ಸುಮಾರು 74 ಕಿಲೋ ಹೆಚ್ಚಾಯಿತು. ಮಣ್ಣು ಕಡಿಮೆಯಾದದ್ದು 60 ಗ್ರಾಂ ಆಸುಪಾಸು ಮಾತ್ರ! ಅವರು ಮರವೆಲ್ಲ ನೀರಿನಿಂದ ಆಗಿದ್ದು ಅಂತ ತೀರ್ಮಾನ ಮಾಡಿದರು. ಅದು ಅರ್ಧ ಸರಿ. 1779ರಲ್ಲಿ ಯಾನ್ ಇಂಗೆನ್‌ಹೌಸ್, ಗಿಡದ ಹಸಿರು ಭಾಗಗಳು ಬೆಳಕು ಬಿದ್ದಾಗ ಮಾತ್ರ ಕೆಟ್ಟ ಗಾಳಿಯನ್ನು ಮತ್ತೆ ಉಸಿರಾಡಲು ತಕ್ಕಂತೆ ಸರಿಮಾಡುತ್ತವೆ ಅಂತ ತೋರಿಸಿದರು. ಆಮೇಲೆ ನಿಧಾನವಾಗಿ ಪೂರ್ತಿ ಲೆಕ್ಕ ಸಿಕ್ಕಿತು. ಒಣ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ಇಂಗಾಲ. ಆ ಇಂಗಾಲ ಬಂದಿದ್ದು ಗಾಳಿಯಿಂದ, ಗಾಳಿಯಲ್ಲಿ ಬರೀ 0.04 ಶೇಕಡಾ ಇರುವ ಇಂಗಾಲದ ಡೈಆಕ್ಸೈಡ್‌ನಿಂದ. ಎಲೆ ಅದನ್ನು ನೀರಿನ ಜೊತೆ ಸೇರಿಸಿ, ಬೆಳಕಿನ ಶಕ್ತಿ ಬಳಸಿ, ಸಕ್ಕರೆ ಮಾಡುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಆ ಸಕ್ಕರೆಯನ್ನೇ ಸರಪಳಿಯಾಗಿ ಒಂದು ರೀತಿಯಲ್ಲಿ ಜೋಡಿಸಿದರೆ ಪಿಷ್ಟ, ಇನ್ನೊಂದು ರೀತಿಯಲ್ಲಿ ಜೋಡಿಸಿದರೆ ಕಟ್ಟಿಗೆಯ ಸೆಲ್ಯುಲೋಸ್.

ಈಗ ಎಳೆ ನಿಮ್ಮ ಬಾಯಿಗೆ ಬರಲಿ. ಒಂದು ತುಂಡು ಬ್ರೆಡ್ ಬಾಯಲ್ಲಿಟ್ಟು ನುಂಗದೆ ಒಂದೆರಡು ನಿಮಿಷ ಅಗಿಯಿರಿ. ನಿಧಾನವಾಗಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟದ ಉದ್ದ ಸರಪಳಿಯನ್ನು ಚಿಕ್ಕ ಸಕ್ಕರೆಗಳಾಗಿ ಕತ್ತರಿಸುತ್ತಿದೆ. ಅದೇ ಗಿಡದ ಸೆಲ್ಯುಲೋಸ್ ಎಷ್ಟು ಅಗಿದರೂ ಸಿಹಿಯಾಗುವುದಿಲ್ಲ, ಯಾಕೆಂದರೆ ಆ ಜೋಡಣೆಯನ್ನು ಕತ್ತರಿಸುವ ಕಿಣ್ವ ನಮ್ಮ ದೇಹ ಮಾಡುವುದಿಲ್ಲ. ಹಸು ಕೂಡ ಮಾಡುವುದಿಲ್ಲ! ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮಾಡುತ್ತವೆ. ಕಿಣ್ವ ಅಂದರೆ ಏನು, ಒಂದು ಕಿಣ್ವಕ್ಕೆ ಒಂದೇ ಬಗೆಯ ಕೆಲಸ ಯಾಕೆ ಅನ್ನುವ ಅಧ್ಯಾಯವನ್ನು ಈಗ ತೆರೆಯಿರಿ. ಬಾಯಲ್ಲಿ ಸಿಹಿ ಇರುವಾಗಲೇ ಓದಿದರೆ ಇನ್ನೂ ಒಳ್ಳೆಯದು.

ಸಕ್ಕರೆ ರಕ್ತಕ್ಕೆ ಹೋಗುತ್ತದೆ, ರಕ್ತದಿಂದ ಕೋಶಕ್ಕೆ, ಕೋಶದೊಳಗೆ ಮೈಟೊಕಾಂಡ್ರಿಯಾಕ್ಕೆ ತಲುಪುವ ಹೊತ್ತಿಗೆ ಅರ್ಧ ಮುರಿದಿರುತ್ತದೆ. ಅಲ್ಲಿ ಉಳಿದದ್ದನ್ನೂ ಒಡೆದು, ಆಮ್ಲಜನಕ ಬಳಸಿ, ಎಟಿಪಿ ಅನ್ನುವ ಅಣು ತಯಾರಾಗುತ್ತದೆ. ಸ್ನಾಯು ಬಿಗಿಯಲು, ನರ ಸುದ್ದಿ ಸಾಗಿಸಲು, ಹೊಸ ಪ್ರೋಟೀನ್ ಕಟ್ಟಲು ಎಲ್ಲದಕ್ಕೂ ಎಟಿಪಿ ಬೇಕು. ಇಂಗಾಲ ಮಾತ್ರ ಮತ್ತೆ ಇಂಗಾಲದ ಡೈಆಕ್ಸೈಡ್ ಆಗಿ ರಕ್ತಕ್ಕೆ, ಶ್ವಾಸಕೋಶಕ್ಕೆ, ಹೊರಗಿನ ಗಾಳಿಗೆ. ನಾವು ಉಸಿರಾಡುವುದಕ್ಕೂ ತಿನ್ನುವುದಕ್ಕೂ ಇರುವ ಸಂಬಂಧ ಇದು. 'ಉಸಿರಾಟ' ಮತ್ತು 'ಜೀರ್ಣಕ್ರಿಯೆ' ಪುಸ್ತಕದಲ್ಲಿ ಎರಡು ಅಧ್ಯಾಯ, ದೇಹದಲ್ಲಿ ಒಂದೇ ಕೆಲಸದ ಎರಡು ತುದಿ.

ಇಷ್ಟು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆಗೆ ನೀವೇ ಉತ್ತರ ಹೇಳಬಹುದು. ತೂಕ ಇಳಿದಾಗ ಆ ಕೊಬ್ಬು ಎಲ್ಲಿಗೆ ಹೋಯಿತು? ಬೆವರಾಗಿ, ಶಾಖವಾಗಿ, ಮಲವಾಗಿ ಅಂತ ಜನ ಹೇಳುತ್ತಾರೆ. ಲೆಕ್ಕ ಹಾಕಿದರೆ 10 ಕಿಲೋ ಕೊಬ್ಬು ಪೂರ್ತಿ ಕರಗಿದಾಗ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ ಹೋಗುತ್ತದೆ. ಉಳಿದ 1.6 ಕಿಲೋ ನೀರಾಗುತ್ತದೆ. ಹಾಗಂತ ಸುಮ್ನೆ ಕೂತು ಜೋರಾಗಿ ಉಸಿರಾಡಿದರೆ ಕೊಬ್ಬು ಕರಗುವುದಿಲ್ಲ, ತಲೆ ಸುತ್ತುತ್ತದೆ ಅಷ್ಟೇ. ಕೋಶಗಳು ಜಾಸ್ತಿ ಇಂಧನ ಒಡೆದರೆ ಮಾತ್ರ ಹೊರಹಾಕಲು ಜಾಸ್ತಿ ಇಂಗಾಲ ಇರುತ್ತದೆ. ಬೆವರು ಸುರಿಸಿ ತೂಕ ಇಳಿಸುವ ಬೆಲ್ಟು, ಜಾಕೆಟ್ಟುಗಳ ಜಾಹೀರಾತನ್ನು ಈಗ ಇನ್ನೊಂದು ಸಲ ಓದಿ ನೋಡಿ. ಅವು ಇಳಿಸುವುದು ನೀರಿನ ತೂಕ. ಒಂದು ಲೋಟ ನೀರು ಕುಡಿದರೆ ವಾಪಸ್ ಬರುತ್ತದೆ.

ಮರ ಗಾಳಿಯಿಂದ ಬಂತು, ಕೊಬ್ಬು ಗಾಳಿಗೆ ಹೋಯಿತು. ನಡುವೆ ನೀವು ದ್ಯುತಿಸಂಶ್ಲೇಷಣೆ, ಕಿಣ್ವ, ಜೀರ್ಣಕ್ರಿಯೆ, ರಕ್ತ ಪರಿಚಲನೆ, ಕೋಶದ ಉಸಿರಾಟ ಎಲ್ಲ ಮುಟ್ಟಿಯಾಯಿತು.

ಓದಿದ್ದು ಉಳಿಯಬೇಕಾದರೆ

ಇಲ್ಲಿ ಸ್ವಲ್ಪ ನಿಂತು ಓದುವ ವಿಧಾನದ ಬಗ್ಗೆ ಹೇಳಬೇಕು. ಎಳೆ ಎಷ್ಟೇ ಚೆನ್ನಾಗಿದ್ದರೂ ಸುಮ್ನೆ ಓದಿ ಪುಟ ತಿರುಗಿಸಿದರೆ ವಾರದಲ್ಲಿ ಮರೆಯುತ್ತದೆ. ಸಾಲುಗಳಿಗೆ ಹಳದಿ ಬಣ್ಣ ಬಳಿಯುವುದು, ಅದೇ ವೀಡಿಯೋ ಎರಡು ಸಲ ನೋಡುವುದು, ಇವೆರಡೂ ಕಲಿತಂತೆ ಅನ್ನಿಸುವ ಕೆಲಸಗಳು. ಅವುಗಳಿಂದ ಸಿಗುವುದು ಕಡಿಮೆ.

ಬದಲಿಗೆ ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಂಡು, ಆ ವಸ್ತುವಿನ ದಾರಿಯನ್ನು ನೆನಪಿನಿಂದ ಬಿಡಿಸಿ. ಗಾಳಿ, ಎಲೆ, ಸಕ್ಕರೆ, ಬಾಯಿ, ಕರುಳು, ರಕ್ತ, ಕೋಶ, ಶ್ವಾಸಕೋಶ ಅಂತ ಬಾಣ ಹಾಕುತ್ತಾ ಹೋಗಿ. ಚಿತ್ರ ಚಂದ ಇರಬೇಕಾಗಿಲ್ಲ. ಪ್ರತಿ ಬಾಣದ ಪಕ್ಕ 'ಇಲ್ಲಿ ಏನು ಬದಲಾಯಿತು' ಅಂತ ಒಂದು ಸಾಲು ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ. ಆ ಜಾಗಕ್ಕೆ ಮಾತ್ರ ಪುಸ್ತಕ ತೆರೆಯಿರಿ. ಎರಡು ದಿನ ಬಿಟ್ಟು ಮತ್ತೆ ಖಾಲಿ ಹಾಳೆ, ಒಂದು ವಾರ ಬಿಟ್ಟು ಇನ್ನೊಂದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೀ ಅನ್ನುವ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ನೋಡಿದವರು ಮುಂದೆ ಹೋಗಿದ್ದರು. ಓದುವಾಗ ಸಿಗುವ 'ಓ ಇದು ಗೊತ್ತು' ಅನ್ನುವ ಖುಷಿಯನ್ನು ನಂಬಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಓದಲು ಏನು ಬಳಸಬೇಕು ಅಂದರೆ, ಯಾವುದಾದರೂ ಒಂದು ಸರಿಯಾದ ಪಠ್ಯಪುಸ್ತಕ ಸಾಕು. ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ ಜೀವಶಾಸ್ತ್ರ ಪುಸ್ತಕಗಳು ಇಂಗ್ಲಿಷ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಖಾನ್ ಅಕಾಡೆಮಿಯ ಪಾಠಗಳೂ ಉಚಿತ. ಐದಾರು ಕಡೆಯಿಂದ ಸಾಮಗ್ರಿ ಕೂಡಿಹಾಕುವುದರಲ್ಲೇ ಉತ್ಸಾಹ ಖರ್ಚು ಮಾಡಬೇಡಿ.

ಎರಡನೇ ಎಳೆ: ಇನ್ಸುಲಿನ್

ಇಂಗಾಲದ ಎಳೆ ಹೊರಗಿನಿಂದ ಒಳಗೆ ಬಂದು ಮತ್ತೆ ಹೊರಗೆ ಹೋಯಿತು. ಇನ್ಸುಲಿನ್ ಕೋಶದ ಒಳಗೇ ಓಡಾಡಿಸುತ್ತದೆ. ಮಧುಮೇಹ ಇರುವವರು ಹತ್ತಿರದಲ್ಲಿ ಯಾರೂ ಇಲ್ಲದ ಮನೆ ಕಡಿಮೆ, ಹಾಗಾಗಿ ಇದರಲ್ಲಿ ಕಲಿತದ್ದು ಬೇಗ ಉಪಯೋಗಕ್ಕೂ ಬರುತ್ತದೆ.

ಸುಲಭದ ಪ್ರಶ್ನೆಯಿಂದ ಶುರು ಮಾಡಿ. ಇನ್ಸುಲಿನ್ ಯಾಕೆ ಚುಚ್ಚಿಕೊಳ್ಳಬೇಕು, ಮಾತ್ರೆಯಾಗಿ ನುಂಗಲು ಯಾಕೆ ಆಗುವುದಿಲ್ಲ? ಇನ್ಸುಲಿನ್ ಒಂದು ಪ್ರೋಟೀನ್, 51 ಅಮೈನೋ ಆಮ್ಲಗಳ ಜೋಡಣೆ. ನುಂಗಿದರೆ ಹೊಟ್ಟೆ ಮತ್ತು ಕರುಳಿನ ಕಿಣ್ವಗಳಿಗೆ ಅದು ಔಷಧಿ ಅಂತ ಗೊತ್ತಾಗುವುದಿಲ್ಲ. ಮೊಟ್ಟೆಯ ಪ್ರೋಟೀನನ್ನು ಹೇಗೆ ಕತ್ತರಿಸುತ್ತವೋ ಇದನ್ನೂ ಹಾಗೇ ಕತ್ತರಿಸಿ ಹಾಕುತ್ತವೆ. ಈ ಒಂದು ಉತ್ತರ ಗಟ್ಟಿಯಾಗಿ ಅರ್ಥವಾದರೆ, ಕುಡಿದ ಕೊಲಾಜೆನ್ ನೇರವಾಗಿ ಮುಖದ ಚರ್ಮಕ್ಕೆ ಹೋಗಿ ಕೂರುತ್ತದೆ ಅನ್ನುವ ಮಾತಿಗೆ ಏನು ಕೇಳಬೇಕು ಅಂತ ನಿಮಗೇ ಹೊಳೆಯುತ್ತದೆ. ಕೊಲಾಜೆನ್ ಕೂಡ ಪ್ರೋಟೀನ್. ಅದೂ ತುಂಡುಗಳಾಗಿಯೇ ರಕ್ತಕ್ಕೆ ಹೋಗಬೇಕು.

ಮುಂದಿನ ಪ್ರಶ್ನೆ, ದೇಹ ಇದನ್ನು ಎಲ್ಲಿ ಮಾಡುತ್ತದೆ? ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಒಂದು ಬೀಟಾ ಕೋಶದ ಒಳಗೆ ಹೋಗೋಣ. ಕೋಶಕೇಂದ್ರದಲ್ಲಿ 46 ಕ್ರೋಮೊಸೋಮ್‌ಗಳಿವೆ, ಅವುಗಳಲ್ಲಿ 11ನೇ ಜೋಡಿಯ ಮೇಲೆ ಇನ್ಸುಲಿನ್ ಜೀನ್, ಅಂದರೆ ಇನ್ಸುಲಿನ್ ಮಾಡುವ ಸೂಚನೆ ಇರುವ ಡಿಎನ್‌ಎ ಭಾಗ, ಇದೆ. ಆ ಜೀನಿನ ಒಂದು ನಕಲು ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ರೈಬೋಸೋಮ್ ಆ ನಕಲನ್ನು ಮೂರು ಮೂರು ಅಕ್ಷರ ಓದುತ್ತಾ ಅಮೈನೋ ಆಮ್ಲಗಳನ್ನು ಸಾಲಾಗಿ ಜೋಡಿಸುತ್ತದೆ. ಆ ಸಾಲು ಒಳಬಲೆಯಲ್ಲಿ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಮಡಚಿಕೊಂಡು, ಗಾಲ್ಗಿ ಭಾಗಕ್ಕೆ ಹೋಗಿ, ಸಣ್ಣ ಚೀಲಗಳಲ್ಲಿ ತುಂಬಿ ಕಾಯುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಚೀಲಗಳು ಕೋಶದ ಪೊರೆಗೆ ಬೆಸೆದುಕೊಂಡು ಇನ್ಸುಲಿನ್ ಹೊರಗೆ ಬಿಡುತ್ತವೆ. ಗೆರೆ ಎಳೆದು ಹೆಸರು ಬರೆಯುತ್ತಿದ್ದ ಆ ಹಳೆಯ ಕೋಶದ ಚಿತ್ರದ ಬಹುಪಾಲು ಭಾಗಗಳು ಇಲ್ಲೇ ಬಂದು ಹೋದವು, ಒಂದೊಂದೂ ಒಂದೊಂದು ಕೆಲಸ ಮಾಡುತ್ತಾ! ಹೀಗೆ ಕಲಿತರೆ ಗಾಲ್ಗಿ ಅನ್ನುವ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಹೊರಗೆ ಬಂದ ಇನ್ಸುಲಿನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಮೇಲಿರುವ ಗ್ರಾಹಕಗಳಿಗೆ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನ್‌ಗಳಿಗೆ, ಅಂಟುತ್ತದೆ. ಆಗ ಆ ಕೋಶಗಳು ಒಳಗಿಟ್ಟುಕೊಂಡಿದ್ದ ಗ್ಲೂಕೋಸ್ ಸಾಗಿಸುವ ಪ್ರೋಟೀನ್‌ಗಳನ್ನು ಪೊರೆಗೆ ತರುತ್ತವೆ, ಸಕ್ಕರೆ ಒಳಗೆ ಹೋಗುತ್ತದೆ. ಬೀಟಾ ಕೋಶಗಳೇ ನಾಶವಾಗಿ ಇನ್ಸುಲಿನ್ ತಯಾರಾಗದಿದ್ದರೆ ಟೈಪ್ 1 ಮಧುಮೇಹ. ಇನ್ಸುಲಿನ್ ಇದ್ದರೂ ಕೋಶಗಳು ಅದಕ್ಕೆ ಸರಿಯಾಗಿ ಓಗೊಡದೆ, ಬರುಬರುತ್ತಾ ಉತ್ಪತ್ತಿಯೂ ಸಾಲದೆ ಹೋದರೆ ಟೈಪ್ 2. ಒಂದೇ ಹೆಸರಿನ ಎರಡು ಕಾಯಿಲೆಗೆ ಬೇರೆ ಬೇರೆ ಚಿಕಿತ್ಸೆ ಯಾಕೆ ಅನ್ನುವುದು ಈಗ ತಾನಾಗಿ ಅರ್ಥವಾಗುತ್ತದೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ಗ್ಲೂಕೋಸ್ ಒಳಗೆ ಎಳೆದುಕೊಳ್ಳುತ್ತದೆ ಅನ್ನುವುದು ಗೊತ್ತಾದರೆ, ವೈದ್ಯರು ನಡೆಯಿರಿ ನಡೆಯಿರಿ ಅಂತ ಯಾಕೆ ಹೇಳುತ್ತಾರೆ ಅನ್ನುವುದೂ.

ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಬಿಎ1ಸಿ ಅಂತ ಒಂದು ಸಾಲು ಇರುತ್ತದಲ್ಲ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತದೆ ಅನ್ನುವುದು? ಯಾಕೆ ಸರಿಯಾಗಿ ಅಷ್ಟೇ ಸಮಯ, ಒಂದು ವಾರ ಅಥವಾ ಒಂದು ವರ್ಷ ಯಾಕಲ್ಲ? ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಅದು ಕೆಂಪು ರಕ್ತಕಣದ ಹಿಮೊಗ್ಲೋಬಿನ್‌ಗೆ ಅಂಟಿಕೊಳ್ಳುವುದು ಜಾಸ್ತಿ. ಒಂದು ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಆಮೇಲೆ ಅದು ಹೋಗಿ ಹೊಸದು ಬರುತ್ತದೆ, ಹಳೆಯ ಗುರುತೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಆ ಸಂಖ್ಯೆ ಅಷ್ಟು ಹಿಂದಿನದನ್ನು ಮಾತ್ರ ಹೇಳಬಲ್ಲದು. ಕೆಂಪು ರಕ್ತಕಣಗಳು ಬೇಗ ಒಡೆದುಹೋಗುವ ತೊಂದರೆ ಇದ್ದವರಲ್ಲಿ ಈ ಸಂಖ್ಯೆ ನಿಜಕ್ಕಿಂತ ಕಡಿಮೆ ಬರಬಹುದು ಅನ್ನುವುದನ್ನೂ ನೀವೇ ಊಹಿಸಬಹುದು. ವರದಿ ಓದಿ ನೀವೇ ಔಷಧಿ ಬದಲಾಯಿಸಿ ಅಂತ ನಾನು ಹೇಳುತ್ತಿಲ್ಲ, ಅದು ವೈದ್ಯರ ಕೆಲಸ. ಆದರೆ ಅವರ ಎದುರು ಕೂತಾಗ ಕೇಳಬೇಕಾದ ಪ್ರಶ್ನೆ ಗೊತ್ತಿರುವುದು ದೊಡ್ಡ ಬಲ.

ಈ ಎಳೆಯ ಕೊನೆಯ ತುದಿ ನನಗೆ ತುಂಬಾ ಇಷ್ಟ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಮಧುಮೇಹದ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟರು. ಅದನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದಿದ್ದರು. ಅದಾದ ಮೇಲೆ ದಶಕಗಳ ಕಾಲ ಹಸು, ಹಂದಿಗಳಿಂದಲೇ ಬರುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾ ತಯಾರಿಸಿದ ಮನುಷ್ಯರ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮನುಷ್ಯನ ಪ್ರೋಟೀನ್ ಮಾಡುವ ಸೂಚನೆಯನ್ನು ಈ.ಕೋಲೈ ಬ್ಯಾಕ್ಟೀರಿಯಾದ ಒಳಗೆ ಇಟ್ಟರೆ ಅದು ಓದಿ ಅದೇ ಪ್ರೋಟೀನ್ ಮಾಡುತ್ತದೆ. ಯಾಕೆ? ಮೂರು ಅಕ್ಷರಕ್ಕೆ ಯಾವ ಅಮೈನೋ ಆಮ್ಲ ಅನ್ನುವ ಸಂಕೇತ, ಒಂದೆರಡು ಸಣ್ಣ ವ್ಯತ್ಯಾಸ ಬಿಟ್ಟರೆ, ಎಲ್ಲ ಜೀವಿಗಳಲ್ಲೂ ಒಂದೇ. ಎಲ್ಲ ಜೀವಿಗಳಿಗೂ ಮೂಲ ಒಂದೇ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ವಿಕಾಸದ ಅಧ್ಯಾಯವನ್ನು ಈ ಪ್ರಶ್ನೆ ಕೈಯಲ್ಲಿಟ್ಟುಕೊಂಡು ತೆರೆಯಿರಿ.

ಅಡುಗೆಮನೆ ಮತ್ತು ಔಷಧಿ ಡಬ್ಬಿ

ಸೂಕ್ಷ್ಮಜೀವಿಗಳ ಬಗ್ಗೆ ಕಲಿಯಲು ಒಂದು ಲೆಕ್ಕದಿಂದ ಶುರು ಮಾಡಿ. ಈ.ಕೋಲೈ ತರಹದ ಬ್ಯಾಕ್ಟೀರಿಯಾ ಬೆಚ್ಚಗೆ, ಒದ್ದೆಯಾಗಿ, ಆಹಾರ ಇರುವ ಕಡೆ 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಒಂದರಿಂದ ಶುರು ಮಾಡಿ 7 ಗಂಟೆ ಲೆಕ್ಕ ಹಾಕಿ. 21 ಸಲ ಎರಡುಪಟ್ಟು. ಸುಮಾರು 21 ಲಕ್ಷ. ಈ ಲೆಕ್ಕವನ್ನು ಕಾಗದದ ಮೇಲೆ ನೀವೇ ಮಾಡಬೇಕು, ಮೊದಲ ಎರಡು ಗಂಟೆ ಏನೂ ಆಗಿಲ್ಲ ಅನ್ನಿಸಿ ಕೊನೆಯಲ್ಲಿ ಸಂಖ್ಯೆ ಹೇಗೆ ಏರುತ್ತದೆ ಅನ್ನುವುದು ಕೈಯಿಂದ ಬರೆದಾಗಲೇ ನಾಟುವುದು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೆ. ಫ್ರಿಜ್ಜು ಈ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಸ್ಟೆಫೈಲೊಕಾಕಸ್ ತರಹದ ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟುಹೋದ ವಿಷ ಕುದಿಸಿದರೂ ಉಳಿಯುತ್ತದೆ.

ಉಪ್ಪು, ಸಕ್ಕರೆಯಲ್ಲಿ ಹಾಕಿಟ್ಟದ್ದು ಯಾಕೆ ಕೆಡುವುದಿಲ್ಲ ಅಂತ ತಿಳಿಯಲು ಆಲೂಗಡ್ಡೆಯ ಎರಡು ಬಿಲ್ಲೆ ಕತ್ತರಿಸಿ ಒಂದನ್ನು ಬರೀ ನೀರಲ್ಲಿ, ಇನ್ನೊಂದನ್ನು ಚೆನ್ನಾಗಿ ಉಪ್ಪು ಹಾಕಿದ ನೀರಲ್ಲಿ ಒಂದು ಗಂಟೆ ಬಿಡಿ. ಒಂದು ಗಟ್ಟಿಯಾಗಿರುತ್ತದೆ, ಇನ್ನೊಂದು ಮೆತ್ತಗಾಗಿ ಬಾಗುತ್ತದೆ. ಉಪ್ಪು ಜಾಸ್ತಿ ಇರುವ ಕಡೆಗೆ ಕೋಶದ ನೀರು ಪೊರೆ ದಾಟಿ ಹೋಯಿತು. ಇದೇ ಅಭಿಸರಣೆ. ಬ್ಯಾಕ್ಟೀರಿಯಾಕ್ಕೂ ಇದೇ ಗತಿ.

ಔಷಧಿ ಡಬ್ಬಿಯಲ್ಲಿ ಕಲಿಯಲು ಇನ್ನೂ ಜಾಸ್ತಿ ಇದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಮಾಡುವ ಕೆಲಸ ಒಂದೇ: ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟದಂತೆ ತಡೆಯುವುದು. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲ, ಹಾಗಾಗಿ ನಮಗೆ ಆ ಏಟು ಬೀಳುವುದಿಲ್ಲ. ವೈರಸ್‌ಗೂ ಭಿತ್ತಿ ಇಲ್ಲ, ಅದು ಕೋಶವೇ ಅಲ್ಲ. ನೆಗಡಿ, ಫ್ಲೂ ಬಂದಾಗ ಆ್ಯಂಟಿಬಯೋಟಿಕ್ ನುಂಗಿದರೆ ಅದು ಹೊಡೆಯಲು ಅಲ್ಲಿ ಏನೂ ಇಲ್ಲ. ಹೊಡೆತ ಬೀಳುವುದು ಕರುಳಿನಲ್ಲಿರುವ ನಿಮಗೆ ಬೇಕಾದ ಬ್ಯಾಕ್ಟೀರಿಯಾಗಳಿಗೆ.

ಇನ್ನು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿಷಯ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಬೇಗ ನುಸುಳುತ್ತದೆ. ಬ್ಯಾಕ್ಟೀರಿಯಾ ಔಷಧಿಗೆ 'ಅಭ್ಯಾಸ ಮಾಡಿಕೊಂಡಿತು' ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಡೆಯುವುದು ಹಾಗಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ನಕಲು ಮಾಡುವಾಗಿನ ತಪ್ಪಿನಿಂದಲೋ, ಬೇರೆ ಬ್ಯಾಕ್ಟೀರಿಯಾದಿಂದ ಬಂದ ಜೀನಿನಿಂದಲೋ ಔಷಧಿ ತಡೆಯುವ ಗುಣ ಮೊದಲೇ ಬಂದಿರುತ್ತದೆ. ಔಷಧಿ ಬಿದ್ದಾಗ ಉಳಿದವು ಸಾಯುತ್ತವೆ, ಇವು ಉಳಿದು ಜಾಗವೆಲ್ಲ ತುಂಬುತ್ತವೆ. ಯಾವುದೂ ಏನನ್ನೂ ಬಯಸಿ ಬದಲಾಗಲಿಲ್ಲ. 1859ರಲ್ಲಿ ಡಾರ್ವಿನ್ ಪ್ರಕಟಿಸಿದ ನೈಸರ್ಗಿಕ ಆಯ್ಕೆ ಇದೇ. ವಿಕಾಸ ಅಂದರೆ ಲಕ್ಷಾಂತರ ವರ್ಷದ ಹಿಂದಿನ ಮೂಳೆಗಳ ಕಥೆ ಮಾತ್ರ ಅಂದುಕೊಂಡವರಿಗೆ ಇದು ಕಣ್ಣು ತೆರೆಸುವ ಉದಾಹರಣೆ, ಒಬ್ಬ ರೋಗಿಯ ದೇಹದಲ್ಲಿ ಕೆಲವೇ ದಿನದಲ್ಲಿ ನಡೆಯಬಲ್ಲದು. 1945ರಲ್ಲಿ ನೊಬೆಲ್ ಪಡೆದಾಗ ಫ್ಲೆಮಿಂಗ್ ಅವರೇ ಎಚ್ಚರಿಸಿದ್ದರು, ಸಾಕಾಗದಷ್ಟು ಪೆನಿಸಿಲಿನ್ ತೆಗೆದುಕೊಂಡರೆ ಅದಕ್ಕೆ ಜಗ್ಗದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ ಅಂತ. ಉಳಿದ ಹಳೆಯ ಮಾತ್ರೆಯನ್ನು ಇನ್ನೊಂದು ಜ್ವರಕ್ಕೆ ನುಂಗುವ, ಪಕ್ಕದವರಿಗೆ ಕೊಡುವ ಅಭ್ಯಾಸ ದಯವಿಟ್ಟು ಬಿಡಿ. ಎಷ್ಟು ದಿನ, ಎಷ್ಟು ಅಂತ ವೈದ್ಯರು ಹೇಳಿದ್ದಾರೋ ಅಷ್ಟೇ.

ರಕ್ತದ ಗುಂಪಿನಿಂದ ಅನುವಂಶೀಯತೆ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದರು. ಎ ಮತ್ತು ಬಿ ಎರಡೂ ತಮ್ಮ ಗುರುತು ತೋರಿಸುತ್ತವೆ, ಓ ಏನೂ ತೋರಿಸುವುದಿಲ್ಲ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಪ್ಪ ಅಮ್ಮ ಇಬ್ಬರದೂ ಎ ಗುಂಪು, ಮಗುವಿನದು ಓ ಆಗಬಹುದಾ? ಇಬ್ಬರಲ್ಲೂ ಒಂದೊಂದು ಓ ಅಡಗಿದ್ದರೆ ಆಗಬಹುದು, ನಾಲ್ಕರಲ್ಲಿ ಒಂದು ಸಾಧ್ಯತೆ. ಮೂರಕ್ಕೆ ಒಂದು ಅನ್ನುವ ಇದೇ ಅನುಪಾತವನ್ನು ಗ್ರೆಗರ್ ಮೆಂಡಲ್ ಬಟಾಣಿಯಲ್ಲಿ ಕಂಡಿದ್ದರು: 5474 ದುಂಡು ಬೀಜ, 1850 ಸುಕ್ಕು ಬೀಜ. ನಿಮ್ಮ ಕುಟುಂಬದ ರಕ್ತದ ಗುಂಪುಗಳನ್ನು ಬರೆದು ಯಾರಲ್ಲಿ ಓ ಅಡಗಿರಬೇಕು ಅಂತ ಹುಡುಕಿ. ಒಂದು ಮಾತು ನೆನಪಿರಲಿ, ನಾಲ್ಕರಲ್ಲಿ ಒಂದು ಅಂದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಬಂದೇ ಬರುತ್ತದೆ ಅಂತಲ್ಲ. ಪ್ರತಿ ಮಗುವಿಗೂ ಲೆಕ್ಕ ಹೊಸದಾಗಿ ಶುರು. ಮತ್ತು ಎತ್ತರ, ಮೈಬಣ್ಣ, ಮಧುಮೇಹದ ಅಪಾಯ ಇವೆಲ್ಲ ಹೀಗೆ ಒಂದು ಜೀನಿನ ಆಟ ಅಲ್ಲ, ಬಹಳಷ್ಟು ಜೀನುಗಳು ಮತ್ತು ಬದುಕುವ ರೀತಿ ಸೇರಿ ಆಗುವಂಥದ್ದು.

ಕಣ್ಣಿಂದ ನೋಡಿ

ಸಾಧ್ಯವಾದರೆ ಒಂದು ಸೂಕ್ಷ್ಮದರ್ಶಕ ಹೊಂದಿಸಿಕೊಳ್ಳಿ, ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತವರ ತಂಡ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್ ಆದರೂ ಸಾಕು. ಈರುಳ್ಳಿಯ ಎಸಳಿನ ಒಳಭಾಗದಿಂದ ತೆಳು ಪೊರೆ ಕಿತ್ತು, ಒಂದು ಹನಿ ಅಯೋಡಿನ್ ಹಾಕಿ ನೋಡಿ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಂದೊಂದರಲ್ಲೂ ಒಂದು ಚುಕ್ಕೆ, ಅದು ಕೋಶಕೇಂದ್ರ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು ಮಾತ್ರ, ನಿಮಗೆ ಒಳಗಿನದೂ ಕಾಣುತ್ತದೆ. ನಿಂತ ಕೆರೆಯ ಒಂದು ಹನಿ ನೀರಲ್ಲಿ ಓಡಾಡುವ ಏಕಕೋಶ ಜೀವಿಗಳನ್ನು ನೋಡಲು ಸ್ವಲ್ಪ ತಾಳ್ಮೆ ಬೇಕು, ಅಂಚಿನ ಕೊಳೆತ ಎಲೆಯ ಪಕ್ಕದ ನೀರು ತೆಗೆದುಕೊಳ್ಳಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಹಾಗೇ, ಹಳಸಿದ ಆಹಾರದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪ್ರಯೋಗ ಮನೆಯಲ್ಲಿ ಬೇಡ.

ಏನನ್ನು ಸದ್ಯಕ್ಕೆ ಬಿಡಬಹುದು

ಪ್ರಾಣಿ, ಸಸ್ಯಗಳ ವರ್ಗೀಕರಣದ ಉದ್ದ ಪಟ್ಟಿ ಬಿಡಿ. ಎಟಿಪಿ ತಯಾರಾಗುವ ದಾರಿಯಲ್ಲಿ ಬರುವ ಒಂದೊಂದು ಅಣುವಿನ ಹೆಸರು ಬಿಡಿ, ಏನು ಒಳಗೆ ಹೋಯಿತು ಏನು ಹೊರಗೆ ಬಂತು ಅನ್ನುವುದು ಸಾಕು. ಮೂಳೆಗಳ ಹೆಸರೂ ಬೇಡ. ಪರೀಕ್ಷೆ ಬರೆಯುವವರು ನೀವಾದರೆ ಇವನ್ನು ಕೊನೆಗೆ ಓದಿ. ಆಗ ಅವುಗಳನ್ನು ತಗಲಿಹಾಕಲು ತಲೆಯಲ್ಲಿ ಜಾಗ ಇರುತ್ತದೆ.

ಮುಂದೆ ಯಾವ ಎಳೆ? ಲಸಿಕೆ ಹಿಡಿಯಬಹುದು. ಅದು ಬಿಳಿ ರಕ್ತಕಣಗಳು, ಪ್ರತಿಕಾಯಗಳು, ದೇಹದ ನೆನಪಿನ ಕೋಶಗಳ ಕಡೆಗೆ ಒಯ್ಯುತ್ತದೆ, 1796ರಲ್ಲಿ ಎಡ್ವರ್ಡ್ ಜೆನ್ನರ್ ಶುರು ಮಾಡಿದ್ದು 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಅಂತ ಘೋಷಿಸುವವರೆಗೆ ಹೇಗೆ ಬಂತು ಅನ್ನುವುದನ್ನೂ ಸೇರಿಸಿ. ಕಬ್ಬಿಣ ಹಿಡಿದರೆ ಮಣ್ಣು, ಬೇರು, ಎಲೆ, ಕರುಳು, ಹಿಮೊಗ್ಲೋಬಿನ್, ರಕ್ತಹೀನತೆ. ಸಾರಜನಕ ಹಿಡಿದರೆ ದ್ವಿದಳ ಬೆಳೆಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾದಿಂದ ಶುರುವಾಗಿ, ಕಾಳಿನ ಪ್ರೋಟೀನ್, ನಿಮ್ಮ ಸ್ನಾಯು, ಕಿಡ್ನಿ, ರಕ್ತಪರೀಕ್ಷೆಯಲ್ಲಿ ಬರುವ ಯೂರಿಯಾ ಅನ್ನುವ ಸಾಲಿನವರೆಗೆ. ಕಾಫಿ ಕುಡಿಯುವವರು ಕೆಫೀನ್ ಹಿಡಿಯಿರಿ. ಮಿದುಳಿನಲ್ಲಿ ಆಯಾಸದ ಸುದ್ದಿ ಕೊಡುವ ಅಡಿನೋಸಿನ್ ಕೂರಬೇಕಾದ ಗ್ರಾಹಕದಲ್ಲಿ ಅದು ಹೋಗಿ ಕೂರುತ್ತದೆ, ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸಾಮಾನ್ಯವಾಗಿ 5 ಗಂಟೆಯಷ್ಟು ಬೇಕು. ಸಂಜೆ ಆರಕ್ಕೆ ಕುಡಿದರೆ ರಾತ್ರಿ ಹನ್ನೊಂದಕ್ಕೆ ಎಷ್ಟು ಉಳಿದಿರುತ್ತದೆ ಅಂತ ಲೆಕ್ಕ ಹಾಕಿ, ಆಮೇಲೆ ನರಕೋಶದ ಅಧ್ಯಾಯ ತೆರೆಯಿರಿ.